ಓದುಗರ ಪ್ರಶ್ನೆ: ರೈಡ್ ಹತ್ತುವುದಕ್ಕೂ ಮುಂಗಡ ಬುಕ್ಕಿಂಗ್ ಬೇಕೇ?

ಪ್ರಶ್ನೆ: ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಅಲ್ಲಿಂದ ಎಲ್ಲರೂ ಸೇರಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡುವ ಯೋಚನೆಯಿದೆ. ಪ್ರವೇಶದ ಟಿಕೆಟ್ ಕೊಂಡ ಮೇಲೂ ಬೇರೆ ದುಡ್ಡು ತೆತ್ತು ರೈಡುಗಳಿಗೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕೆಂದು ಮಗಳು ಹೇಳುತ್ತಾಳೆ. ಹತ್ತು ವರ್ಷಗಳ ಹಿಂದೆ ಹೋಗಿಬಂದ ನಮ್ಮ ವಾರಗಿತ್ತಿ, ಆಗ ಅದೆಲ್ಲ ಪುಕ್ಕಟೆಯಾಗಿಯೇ ಸಿಗುತ್ತಿತ್ತು ಎನ್ನುತ್ತಾರೆ. ಹೋಗಿಬಂದವರೆಲ್ಲ ಈ ವ್ಯವಸ್ಥೆಯನ್ನು ಬೈಯುವುದೇಕೆ? ನಮಗೆ ಅದು ಬೇಕೇ? ನನಗೆ ಮಂಡಿನೋವಿದೆ, ಮೊಮ್ಮಗನಿಗೆ ನಾಲ್ಕು ವರ್ಷ.
ಓದುಗರೊಬ್ಬರು, ಜಯನಗರ

ಉತ್ತರ: ನಿಮ್ಮ ವಾರಗಿತ್ತಿ ಹೇಳಿದ್ದು ನಿಜ. 1999ರಲ್ಲಿ ಡಿಸ್ನಿ ಸಂಸ್ಥೆ ಫಾಸ್ಟ್‌ಪಾಸ್ ಆರಂಭಿಸಿದಾಗ, ರೈಡಿನ ಬಳಿಯಿದ್ದ ಯಂತ್ರಕ್ಕೆ ಪ್ರವೇಶದ ಟಿಕೆಟನ್ನು ತೂರಿಸಿದರೆ ಇಂಥ ಹೊತ್ತಿನಿಂದ ಇಂಥ ಹೊತ್ತಿನೊಳಗೆ ಬನ್ನಿ ಎಂಬ ಚೀಟಿ ಹೊರಬರುತ್ತಿತ್ತು, ಆ ಹೊತ್ತಿಗೆ ಹೋದರೆ ಬೇರೆಯದೇ ಚಿಕ್ಕ ಸಾಲಿನಲ್ಲಿ ರೈಡ್ ಹತ್ತಬಹುದಿತ್ತು. ಮುಂದೆ ಚೀಟಿಯ ಜಾಗಕ್ಕೆ ಮಣಿಕಟ್ಟಿನ ಪಟ್ಟಿಯೂ ಮೊಬೈಲೂ ಬಂದವು, ಆದರೆ ಆಗಲೂ ಅದಕ್ಕೆ ಶುಲ್ಕವಿರಲಿಲ್ಲ. 2020ರಲ್ಲಿ ಕೋವಿಡ್‌ನಿಂದ ಪಾರ್ಕ್ ಮುಚ್ಚಿದಾಗ ನಿಂತ ಆ ಸೌಲಭ್ಯ ಮರಳಿ ಬರಲೇ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಬದಲಿಗೆ ಬಂದ ಜೀನೀ ಪ್ಲಸ್‌ಗೆ ತಲೆಗೆ ದಿನಕ್ಕೆ 15 ಡಾಲರ್ ಇತ್ತು. 2022ರ ಅಕ್ಟೋಬರ್‌ನಿಂದ ಆ ದರ ದಿನದಿಂದ ದಿನಕ್ಕೆ ಏರಿಳಿಯತೊಡಗಿತು, 2024ರ ಜುಲೈನಲ್ಲಿ ಅದೇ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯಿತು. ತೀರಾ ಬೇಡಿಕೆಯಿರುವ ಕೆಲವು ರೈಡುಗಳಿಗೆ ಬಿಡಿಯಾಗಿ ಬೇರೆ ಪಾಸ್ ಕೊಳ್ಳಬೇಕು. ಇವೆಲ್ಲದರ ಮೇಲೆ, ಮೊದಲೇ ಸಮಯ ಗೊತ್ತುಮಾಡದೆ ಹೋಗಬಹುದಾದ ಪ್ರೀಮಿಯರ್ ಪಾಸ್ ಎಂಬುದೊಂದಿದೆ. ಅದರ ಬೆಲೆ ಜನಜಂಗುಳಿಯ ದಿನಗಳಲ್ಲಿ 400 ಡಾಲರನ್ನೂ ದಾಟುತ್ತದೆ. ಅದರ ಗೊಡವೆ ನಮಗೆ ಬೇಡ.

ಪುಕ್ಕಟೆಯಾಗಿದ್ದದ್ದಕ್ಕೆ ಬೆಲೆ ಕಟ್ಟಿದರು ಎಂಬ ಸಿಟ್ಟು ಯಾರಿಗಾದರೂ ಬರುವಂಥದ್ದೇ. ಜೀನೀ ಪ್ಲಸ್ ಇದ್ದಾಗ ರಜೆಯ ದಿನವೂ ಬೆಳಿಗ್ಗೆ ಏಳಕ್ಕೆ ಎದ್ದು ಮೊಬೈಲ್ ಒತ್ತುತ್ತ ಕೂರಬೇಕೆಂಬ ದೂರು ಬಹಳವಿತ್ತು. ಈಗ ಡಿಸ್ನಿಯ ಹೋಟೆಲಿನಲ್ಲಿ ಉಳಿಯುವವರು 7 ದಿನ ಮೊದಲೂ ಹೊರಗಡೆ ಉಳಿಯುವವರು 3 ದಿನ ಮೊದಲೂ ಮೂರು ರೈಡುಗಳನ್ನು ಕಾಯ್ದಿರಿಸಬಹುದಾದ್ದರಿಂದ ಆ ಗೋಳು ಕೊಂಚ ತಗ್ಗಿದೆ. ಹಾಗಿದ್ದರೂ ಯಾವ ಮಧ್ಯಾಹ್ನ ಎಲ್ಲಿರುತ್ತೇವೆಂದು ಊರಿನಿಂದ ಹೊರಡುವ ಮುನ್ನವೇ ತೀರ್ಮಾನಿಸಬೇಕಾದ ಕಿರಿಕಿರಿ ಉಳಿದೇ ಇದೆ. ಸಲೀಸಾಗಿ ಎಲ್ಲವನ್ನೂ ಮುಗಿಸಿಬಂದೆವೆಂದು ಹೊಗಳುವವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಪಾಸ್ ಕೊಂಡವರೇ ಆಗಿರುತ್ತಾರೆ ಎಂಬುದನ್ನು ಮರೆಯಬಾರದು.

ಬೈಗುಳದ ಅಸಲು ಕಾರಣ ಮಾಮೂಲಿ ಸಾಲಿನಲ್ಲಿದೆ. ಒಂದು ಗಂಟೆಗೆ 1,000 ಮಂದಿಯನ್ನು ಕೂರಿಸುವ ರೈಡ್ ಇದೆಯೆನ್ನಿ. ಇರುವುದು ಒಂದೇ ಸಾಲಾಗಿದ್ದು, ನಿಮ್ಮ ಮುಂದೆ 500 ಮಂದಿ ಇದ್ದರೆ ಅರ್ಧ ಗಂಟೆಯಲ್ಲಿ ನಿಮ್ಮ ಸರದಿ ಬರುತ್ತದೆ. ಆ ಸಾವಿರದಲ್ಲಿ 750 ಸೀಟುಗಳನ್ನು ಕಾಯ್ದಿರಿಸಿದವರಿಗೆ ಬಿಟ್ಟುಕೊಟ್ಟರೆ ಮಾಮೂಲಿ ಸಾಲಿಗೆ ಉಳಿಯುವುದು 250 ಮಾತ್ರ, ಅದೇ 500 ಮಂದಿ ಕರಗಲು ಎರಡು ಗಂಟೆ ಹಿಡಿಯುತ್ತದೆ. ಬುಕ್ಕಿಂಗ್‌ನಿಂದ ರೈಡಿಗೆ ಒಂದೇ ಒಂದು ಸೀಟೂ ಹೆಚ್ಚುವುದಿಲ್ಲ. ಎರಡು ಸಾಲುಗಳು ಕೂಡುವ ಕಡೆ ಸಿಬ್ಬಂದಿಯೊಬ್ಬರು ನಿಂತು, ಪಾಸಿನವರ ಗುಂಪನ್ನು ಒಟ್ಟಿಗೆ ಬಿಟ್ಟು, ಆಮೇಲೆ ಮಾಮೂಲಿ ಸಾಲಿನಿಂದ ನಾಲ್ಕಾರು ಮಂದಿಯನ್ನು ಕರೆದು, ಮತ್ತೆ ಕೈ ಅಡ್ಡ ಹಿಡಿಯುತ್ತಾರೆ. ಮುಕ್ಕಾಲು ಗಂಟೆ ನಿಂತು ಅಲ್ಲಿಗೆ ಬಂದವರ ಕಣ್ಣೆದುರಿಗೇ ಇದು ನಡೆಯುತ್ತಿರುತ್ತದೆ. ಕಾಯುವವರ ಮನಸ್ಸನ್ನು ಕುರಿತು 1985ರಲ್ಲಿ ಬರೆದ ಮ್ಯಾನೇಜ್‌ಮೆಂಟ್ ತಜ್ಞ ಡೇವಿಡ್ ಮೈಸ್ಟರ್, ಅನ್ಯಾಯವೆಂದು ತೋರುವ ಕಾಯುವಿಕೆ ಇದ್ದದ್ದಕ್ಕಿಂತ ಉದ್ದವಾಗಿ ಕಾಣುತ್ತದೆ ಎಂದಿದ್ದರು. ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆಯೂ ಹಾಗೆಯೇ ಎಂಬುದು ಅವರ ಇನ್ನೊಂದು ಮಾತು.

ಇನ್ನು ನಿಮ್ಮ ವಿಷಯ. ಮೊದಲು ಮೊಮ್ಮಗನ ಎತ್ತರ ಅಳೆಯಿರಿ. ಸ್ಪೇಸ್ ಮೌಂಟನ್ ಎಂಬ ರೈಡಿಗೆ 112 ಸೆಂ.ಮೀ. ಬೇಕು, ಏಳು ಕುಬ್ಜರ ಗಣಿಯ ರೈಲಿಗೆ 97 ಸಾಕು. ಅವನು ಹತ್ತಲಾಗದ ರೈಡುಗಳಲ್ಲಿ ರೈಡರ್ ಸ್ವಿಚ್ ಕೇಳಬಹುದು: ಮಗಳು ಹೋಗಿಬರುವ ತನಕ ಅಳಿಯಂದಿರು ಮಗುವಿನೊಂದಿಗೆ ಹೊರಗಿದ್ದು, ಆಮೇಲೆ ಪೂರಾ ಸಾಲಿನಲ್ಲಿ ನಿಲ್ಲದೆ ತಮ್ಮ ಸರದಿ ಪಡೆಯಬಹುದು, ಇದಕ್ಕೆ ದುಡ್ಡಿಲ್ಲ. ಅಂಗವೈಕಲ್ಯದವರು ಸಾಲಿನಲ್ಲಿ ನಿಲ್ಲದೆ ಸರದಿ ಪಡೆಯುವ ಸೌಲಭ್ಯವನ್ನು 2024ರಲ್ಲಿ ಬಿಗಿಗೊಳಿಸಿ, ಬಹುಮಟ್ಟಿಗೆ ಆಟಿಸಂನಂಥ ಬೆಳವಣಿಗೆಯ ತೊಂದರೆಯುಳ್ಳವರಿಗೆ ಮೀಸಲಿಟ್ಟಿದ್ದಾರೆ. ಈ ಬದಲಾವಣೆಗೂ ಬಹಳ ವಿರೋಧ ಬಂತು. ಮಂಡಿನೋವಿಗೆ ಅದು ಸಿಗುವುದೆಂದು ನಂಬಿ ಹೋಗಬೇಡಿ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಸಂಕೋಚಪಡದೆ ತೆಗೆದುಕೊಳ್ಳಿ. ಡಿಸ್ನಿ ವರ್ಲ್ಡ್‌ನ ನಾಲ್ಕು ಪಾರ್ಕುಗಳಲ್ಲಿ ರೈಡುಗಳು ಹೆಚ್ಚಿರುವ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗುವ ದಿನ ಮಾತ್ರ ಮಲ್ಟಿ ಪಾಸ್ ಕೊಂಡು, ಉಳಿದ ಕಡೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿಬಿಡುವುದು ಸಾಕೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬೆಂಗಳೂರಿನ ಸಮೀಪದ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ನಾವು ಸಾಲಿನಲ್ಲಿ ಬೆವರುತ್ತಿರುವಾಗಲೇ ದುಬಾರಿ ಟಿಕೆಟಿನವರು ಪಕ್ಕದ ಗೇಟಿನಿಂದ ಬಂದು ಕುಳಿತರು. ದುಡ್ಡಿನ ಸಾಲನ್ನು ತೆಗೆದುಹಾಕಿ ಎಲ್ಲರಿಗೂ ಉಚಿತ ಟೋಕನ್ ಕೊಡಬಾರದೇ?
ಓದುಗರೊಬ್ಬರು, ವಿಜಯನಗರ

ಉತ್ತರ: ಉಚಿತ ಟೋಕನ್ ಒಳ್ಳೆಯದೇ, ಆದರೆ ಅದರಿಂದ ನ್ಯಾಯ ತಾನಾಗಿಯೇ ಬರುವುದಿಲ್ಲ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವೂ ಇದೆ, ಸರ್ವದರ್ಶನಕ್ಕೆ ಸಮಯ ನಮೂದಿಸಿದ ಉಚಿತ ಟೋಕನ್ನೂ ಇದೆ. ಟೋಕನ್ ಸಿಕ್ಕವರು ದರ್ಶನಕ್ಕೆ ಕಾಯುವ ವೈಕುಂಠಂ ಕಾಂಪ್ಲೆಕ್ಸಿನಲ್ಲಿ ಗಂಟೆಗಟ್ಟಲೆ ಕೂರುವುದು ತಪ್ಪಿತು ನಿಜ, ಆದರೆ ನೂಕುನುಗ್ಗಲು ಟೋಕನ್ ಕೊಡುವ ಕಡೆಗೆ ಹೋಯಿತು. 2025ರ ಜನವರಿ 8ರಂದು ತಿರುಪತಿಯಲ್ಲಿ ಕಾಲ್ತುಳಿತವಾಗಿ ಆರು ಮಂದಿ ತೀರಿಕೊಂಡದ್ದು ವೈಕುಂಠ ದ್ವಾರ ದರ್ಶನದ ಟೋಕನ್ನಿಗಾಗಿ ಸೇರಿದ್ದ ಜನರಲ್ಲಿ. ಪಾರ್ಕಿನಲ್ಲಿ ಅಂಥ ಅನಾಹುತದ ಭಯವಿಲ್ಲದಿದ್ದರೂ, ಬಾಗಿಲು ತೆರೆದ ಅರ್ಧ ಗಂಟೆಯಲ್ಲಿ ಟೋಕನ್ ಮುಗಿದುಹೋದರೆ, ದೂರದ ಊರಿನಿಂದ ಬಸ್ಸಿನಲ್ಲಿ ಹನ್ನೊಂದಕ್ಕೆ ಬಂದಿಳಿಯುವ ಶಾಲೆಯ ಮಕ್ಕಳ ಪಾಲಿಗೆ ಏನೂ ಉಳಿದಿರುವುದಿಲ್ಲ.

ಟೋಕಿಯೊ ಡಿಸ್ನಿಯಲ್ಲಿ 2022ರಲ್ಲಿ ದುಡ್ಡಿನ ಪಾಸ್ ಬಂದ ಮೇಲೆ, 2023ರಲ್ಲಿ ಕೆಲವು ರೈಡುಗಳಿಗೆ ಉಚಿತ ಪಾಸನ್ನೂ ಜೊತೆಗೆ ಸೇರಿಸಿದರು. ಎರಡೂ ಇರುವುದೇ ವ್ಯಾವಹಾರಿಕವೆಂದು ನಮಗೆ ತೋರುತ್ತದೆ. ಪಾರ್ಕಿನವರಿಗೆ ಪತ್ರ ಬರೆಯುವುದಾದರೆ ದುಡ್ಡಿನ ಸಾಲನ್ನು ಮುಚ್ಚಿ ಎನ್ನಬೇಡಿ, ಅದನ್ನು ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಗಂಟೆಗೆ ಎಷ್ಟು ಸೀಟನ್ನು ಆ ಸಾಲಿಗೆ ಕೊಡುತ್ತೀರಿ, ಮಾಮೂಲಿ ಸಾಲಿನವರು ಎಷ್ಟು ಹೊತ್ತು ಕಾಯಬೇಕು ಎಂಬೆರಡನ್ನೂ ಗೇಟಿನ ಬಳಿ ಬೋರ್ಡಿನಲ್ಲಿ ಬರೆದು ಹಾಕಿ, ನಿಲ್ಲುವ ಕಡೆ ನೆರಳು ಮಾಡಿಸಿ ಎಂದು ಕೇಳಿ.

ಪ್ರಶ್ನೆ: ಮಳೆಯಿಂದಲೋ ಯಂತ್ರ ಕೆಟ್ಟೋ ರೈಡ್ ನಿಂತರೆ, ಬೇಗ ಹೋಗಲೆಂದು ಹೆಚ್ಚಾಗಿ ಕೊಟ್ಟ ಹಣ ವಾಪಸ್ ಬರುತ್ತದೆಯೇ?
ಓದುಗರೊಬ್ಬರು, ಕೆಂಗೇರಿ

ಉತ್ತರ: ಅದು ಟಿಕೆಟಿನ ಷರತ್ತನ್ನು ಅವಲಂಬಿಸಿದೆ, ಕೊಳ್ಳುವ ಮೊದಲೇ ಕೌಂಟರಿನಲ್ಲಿ ಕೇಳಿಕೊಳ್ಳಿ. ಡಿಸ್ನಿಯಲ್ಲಿ ನಿಮಗೆ ಗೊತ್ತುಮಾಡಿದ ಹೊತ್ತಿನಲ್ಲಿ ರೈಡ್ ನಿಂತಿದ್ದರೆ, ಸಾಮಾನ್ಯವಾಗಿ ಅದೇ ಪಾಸ್ ಬೇರೆ ಕೆಲವು ರೈಡುಗಳಿಗೆ ನಡೆಯುತ್ತದೆ. ನಮ್ಮ ದೇಶದಲ್ಲಿ ಒಪ್ಪಿಕೊಂಡ ಸೇವೆ ಕೊಡದಿದ್ದರೆ, ಟಿಕೆಟನ್ನೂ ರೈಡ್ ನಿಂತಿದೆಯೆಂಬ ಬೋರ್ಡಿನ ಫೋಟೊವನ್ನೂ ಇಟ್ಟುಕೊಂಡು ಮೊದಲು ಪಾರ್ಕಿನವರಿಗೆ ಲಿಖಿತ ದೂರು ಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮೊರೆ ಹೋಗಬಹುದು.