ಕ್ಯಾನ್ಸಸ್‌ನ ಹಿತ್ತಲು, ಪ್ರೇರಿಯ ಬೇರು

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ಮಗಳು, ಅಳಿಯ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿದ್ದಾರೆ. ಅವರ ಹಿತ್ತಲಲ್ಲಿ ನೇರಳೆ ಬಣ್ಣದ ಹೂಗಿಡ ಇದೆ. ‘ಇದು ಎಕಿನೇಶಿಯಾ, ಬೇರು ನೆಗಡಿಗೆ ಒಳ್ಳೇದು’ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ‘ಕಷಾಯ ಮಾಡಿ ಮೊಮ್ಮಗನಿಗೆ ಕೊಡಬಹುದಾ? ಅಲ್ಲಿನ ಹುಲ್ಲುಗಾವಲಿನ ಮದ್ದಿನ ಗಿಡಗಳ ಪಟ್ಟಿ ಹಾಕಿ. ನಮ್ಮ ಗಿಡಗಳ ನೆಂಟರೂ ಅಲ್ಲಿದ್ದಾರಾ? ಮಗಳು ದೀಪಾವಳಿಗೆ ಬರುವಾಗ ಬೀಜ ತರುತ್ತಾಳೆ, ಇಲ್ಲೂ ಬೆಳೆಯೋಣ ಅಂತ.’

ನಮಸ್ಕಾರ.

ಅವಸರದ ಪ್ರಶ್ನೆ ಮೊದಲು. ಮೊಮ್ಮಗನಿಗೆ ಬೇಡ. 2003ರಲ್ಲಿ ಮಕ್ಕಳಿಗೆ ಎಕಿನೇಶಿಯಾ ಕೊಟ್ಟು ನೋಡಿದ ಪ್ರಯೋಗವೊಂದು ಪ್ರಕಟವಾಯಿತು. ನೆಗಡಿ ಬೇಗ ಹೋಗಲಿಲ್ಲ, ಮೈಮೇಲೆ ಗಂದೆ ಎದ್ದ ಮಕ್ಕಳು ಮಾತ್ರ ಜಾಸ್ತಿ ಇದ್ದರು. 2005ರಲ್ಲಿ ಸುಮಾರು 400 ದೊಡ್ಡವರ ಮೇಲೆ ಎಕಿನೇಶಿಯಾ ಬೇರಿನ ಸಾರ ಪರೀಕ್ಷಿಸಿದಾಗಲೂ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಇದು ಸೇವಂತಿಗೆ ಕುಟುಂಬದ ಗಿಡ. ಆ ಜಾತಿಯ ಹೂವು ಆಗದವರಿಗೆ ಇದೂ ಆಗದಿರಬಹುದು. ಸಾಲದ್ದಕ್ಕೆ, ಹಿತ್ತಲಲ್ಲಿ ಅಂದಕ್ಕೆ ನೆಡುವುದು ಬಹುಪಾಲು ಅಗಲ ಎಲೆಯ ಜಾತಿ. ಅಲ್ಲಿನ ಮೂಲನಿವಾಸಿಗಳು ಬಯಲಲ್ಲಿ ಅಗೆಯುತ್ತಿದ್ದುದು ಮುಖ್ಯವಾಗಿ ಕಿರಿದಾದ ಎಲೆಯ ಇನ್ನೊಂದು ಜಾತಿ.

ಅವರು ಅದನ್ನು ಬಳಸುತ್ತಿದ್ದುದಾದರೂ ಯಾತಕ್ಕೆ? ಲಕೋಟಾ, ಒಮಾಹಾ, ಪಾನಿ ಜನ ಹಲ್ಲುನೋವಿಗೆ ಬೇರಿನ ಚೂರನ್ನು ನೋಯುವ ಕಡೆ ಕಚ್ಚಿ ಹಿಡಿಯುತ್ತಿದ್ದರು. ಗಂಟಲು ಕೆರೆತಕ್ಕೆ ಜಗಿಯುತ್ತಿದ್ದರು, ಸುಟ್ಟ ಗಾಯಕ್ಕೆ ರಸ ಹಚ್ಚುತ್ತಿದ್ದರು. ಗ್ರಂಧಿಗೆ ಅಂಗಡಿಯ ಅಕ್ಕಲಕರೆ ಜಗಿದವರಿಗೆ ಈ ಬೇರಿನ ಗುಣ ಹೇಳಬೇಕಾಗಿಲ್ಲ. ಮೊದಲು ನಾಲಿಗೆ ಜುಮ್ ಅನ್ನುತ್ತದೆ, ಬಾಯಿ ತುಂಬ ನೀರು ಬರುತ್ತದೆ, ಆಮೇಲೆ ಮರಗಟ್ಟುತ್ತದೆ. ಎರಡೂ ಒಂದೇ ಕುಟುಂಬದ ಗಿಡಗಳು, ಜುಮ್ ಅನ್ನಿಸುವ ರಾಸಾಯನಿಕವೂ ಒಂದೇ ಬಗೆಯದು. ಹಲ್ಲುನೋವಿನ ಲೆಕ್ಕ ಸರಿಯಾಗಿಯೇ ಇತ್ತು ಅಲ್ವಾ?

ಹಾವಿನ ಕಡಿತಕ್ಕೂ ಹಚ್ಚುತ್ತಿದ್ದರು. ಅದನ್ನು ಹಿಡಿದುಕೊಂಡೇ ವ್ಯಾಪಾರ ಶುರುವಾಯಿತು. ನೆಬ್ರಾಸ್ಕಾದ ಪಾನಿ ಸಿಟಿಯಲ್ಲಿ ಮೇಯರ್ ಅನ್ನುವವನು ಈ ಬೇರು ಹಾಕಿದ ‘ರಕ್ತಶುದ್ಧಿ’ ಔಷಧ ಮಾರುತ್ತಿದ್ದ. 1880ರ ದಶಕದಲ್ಲಿ ಸಿನ್ಸಿನಾಟಿಯ ಔಷಧ ತಜ್ಞರಿಗೆ ಬೇರು ಕಳಿಸಿ, ಬೇಕಾದರೆ ನಿಮ್ಮೆದುರಿಗೇ ವಿಷದ ಹಾವಿನಿಂದ ಕಚ್ಚಿಸಿಕೊಂಡು ತೋರಿಸುತ್ತೇನೆ ಅಂದ. ಅವರು ಪುಣ್ಯಕ್ಕೆ ಬೇಡ ಅಂದರು. ಆದರೆ ಬೇರನ್ನು ಮಾತ್ರ ಮಾರುಕಟ್ಟೆಗೆ ತಂದರು. 1930ರ ದಶಕದಲ್ಲಿ ಜರ್ಮನಿಯ ಔಷಧ ತಯಾರಕ ಮಾಡೌಸ್ ಅಮೆರಿಕದಿಂದ ಬೀಜ ತರಿಸಿ ಬಿತ್ತಿದರೆ ಬೆಳೆದದ್ದು ಅಗಲ ಎಲೆಯ ಜಾತಿ. ಯುರೋಪಿನ ಔಷಧಗಳು ಅದರ ಮೇಲೇ ನಿಂತವು. ಹಲ್ಲುನೋವಿಗೆ ಕಚ್ಚಿಕೊಳ್ಳುತ್ತಿದ್ದ ಬೇರು ಹೀಗೆ ಬೇರೆ ಜಾತಿಯಾಗಿ, ನೆಗಡಿಯ ಮಾತ್ರೆಯಾಗಿ, ಈಗ ನಿಮ್ಮ ಮಗಳ ಬೇಲಿ ದಾಟಿ ಬಂದಿದೆ. ‘ಈ ಗಿಡ, ಈ ರೋಗ’ ಅನ್ನುವ ಪಟ್ಟಿ ನಾನು ಹಾಕದಿರುವುದು ಇದಕ್ಕೇ. ಪಟ್ಟಿಯಲ್ಲಿ ಗಿಡದ ಹೆಸರು ಉಳಿಯುತ್ತದೆ. ಯಾವಾಗ ಕೀಳಬೇಕು, ಹೇಗೆ ಹದ ಮಾಡಬೇಕು, ಎಷ್ಟು ಬಿಟ್ಟು ಬರಬೇಕು ಅನ್ನುವುದು ಬಿದ್ದುಹೋಗುತ್ತದೆ.

ಇನ್ನೊಂದು ಮಾತು. ಪ್ರೇರಿ, ಅಂದರೆ ಅಲ್ಲಿನ ಬಯಲು ಹುಲ್ಲುಗಾವಲು, ಅಂದಕೂಡಲೇ ಎಲ್ಲರೂ ಮದ್ದು ಕೇಳುತ್ತಾರೆ, ಊಟ ಯಾರೂ ಕೇಳುವುದಿಲ್ಲ! ಚಿತ್ರದುರ್ಗ ಕಡೆಯ ಕಾವಲುಗಳ ಹಾಗೆ, ಬರೀ ಹುಲ್ಲು, ದನ ಮೇಯೋ ಜಾಗ ಅಂದುಕೊಳ್ಳುತ್ತಾರೆ. ಆದರೆ ಆ ಬಯಲಿನ ಉಗ್ರಾಣ ನೆಲದೊಳಗಿತ್ತು.

ಲಕೋಟಾ ಜನರ ತಿಂಪ್ಸಿಲಾ ನೋಡಿ. ನೀಲಿ ಹೂವಿನ, ರೋಮ ತುಂಬಿದ, ಗೇಣುದ್ದದ ಗಿಡ. ನೆಲದೊಳಗೆ ಕೋಳಿಮೊಟ್ಟೆ ಗಾತ್ರದ ಗಡ್ಡೆ. ಅಗೆಯುವ ಕಾಲ ಜೂನ್ ತಿಂಗಳು, ಹೆಚ್ಚೆಂದರೆ ಜುಲೈ ಮೊದಲ ವಾರಗಳು. ಆಮೇಲೆ ಕಾಂಡ ಒಣಗಿ, ಬುಡದಲ್ಲಿ ಮುರಿದು, ಗಾಳಿಗೆ ಉರುಳುತ್ತಾ ಬೀಜ ಚೆಲ್ಲಿಕೊಂಡು ಹೋಗಿಬಿಡುತ್ತದೆ. ಗಡ್ಡೆ ಅಲ್ಲೇ ಇರುತ್ತದೆ, ಗುರುತು ಹಿಡಿಯೋರು ಯಾರು? ನೆಲ ಗಟ್ಟಿ, ಅದಕ್ಕೆ ಚೂಪು ಕೋಲು ಬೇಕು. ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಈ ಗಿಡ ಕೈ ಚಾಚಿ ಇನ್ನೊಂದು ಗಿಡವನ್ನು ತೋರಿಸುತ್ತದೆ, ಕೊಂಬೆ ಯಾವ ಕಡೆ ಇದೆಯೋ ಆ ಕಡೆ ಹುಡುಕು ಅಂತ ತಾಯಂದಿರು ಹೇಳುತ್ತಿದ್ದರಂತೆ. ಕಂದು ಸಿಪ್ಪೆ ಸುಲಿದರೆ ಒಳಗೆ ಬಿಳಿ ತಿರುಳು. ಬಾಲದಂಥ ತುದಿಬೇರನ್ನು ಕತ್ತರಿಸುವುದಿಲ್ಲ. ಅದನ್ನೇ ಹಿಡಿದು ಜಡೆ ಹೆಣೆದು ನೇತುಹಾಕುತ್ತಾರೆ. ಒಣಗಿದ ಮೇಲೆ ಕಲ್ಲಿನ ಹಾಗಾಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ನೆನೆಸಿ ಮಾಂಸ, ಒಣ ಮೆಕ್ಕೆಜೋಳದ ಜೊತೆ ಬೇಯಿಸುತ್ತಾರೆ, ಇಲ್ಲವೇ ಕುಟ್ಟಿ ಹಿಟ್ಟು ಮಾಡುತ್ತಾರೆ. ಇವತ್ತಿಗೂ ಲಕೋಟಾ ಮನೆಗಳಲ್ಲಿ ಈ ಜಡೆಗಳಿವೆ.

ನೆಂಟರನ್ನು ಕೇಳಿದಿರಲ್ಲ, ತಿಂಪ್ಸಿಲಾಕ್ಕೆ ನಮ್ಮ ಬಾವಂಚಿ ನೆಂಟ. ಹಿಂದೆ ಸಸ್ಯಶಾಸ್ತ್ರದವರು ಎರಡನ್ನೂ ಒಂದೇ ಕುಲದಲ್ಲಿಟ್ಟಿದ್ದರು. ಅದು ಹೊಟ್ಟೆಗೆ, ಇದು ತೊನ್ನಿನ ಮದ್ದಿಗೆ. ಬಾವಂಚಿ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆ ಏಳುತ್ತದೆ. ಅಲ್ಲಿನವರು ಮಿಲ್ಕ್‌ವೀಡ್ ಗಿಡದ ಎಳೆ ಚಿಗುರು, ಮೊಗ್ಗು, ಎಳೆಕಾಯಿಗಳನ್ನು ಬೇಯಿಸಿ ತಿನ್ನುತ್ತಿದ್ದರು. ಅದು ನಮ್ಮ ಎಕ್ಕದ ಕುಟುಂಬ. ಹಾಗಂತ ಎಕ್ಕದ ಪಲ್ಯ ಮಾಡೀರಿ, ಜೋಕೆ!

ಚೋಕ್‌ಚೆರಿ ಅನ್ನುವ ಅಲ್ಲಿನ ಕಾಡುಹಣ್ಣಿನ ಓಟೆಯಲ್ಲಿ ಸಯನೈಡ್ ಹುಟ್ಟಿಸುವ ವಿಷ ಇದೆ. ಪ್ರೇರಿಯ ಹೆಂಗಸರು ಓಟೆ ಸಮೇತ ಕಲ್ಲಿನಲ್ಲಿ ಜಜ್ಜಿ, ಬಿಲ್ಲೆ ತಟ್ಟಿ, ಬಿಸಿಲಲ್ಲಿ ಒಣಗಿಸುತ್ತಿದ್ದರು. ಜಜ್ಜಿದಾಗ ಹೊರಬರುವ ವಿಷ ಒಣಗುವಾಗ ಬಹುಪಾಲು ಹಾರಿಹೋಗುತ್ತದೆ. ಹದ ಗೊತ್ತಿಲ್ಲದೆ ಓಟೆ ಜಗಿದರೆ ಪ್ರಾಣಕ್ಕೇ ಕುತ್ತು.

ಎಷ್ಟು ಬಿಡಬೇಕು ಅಂದೆನಲ್ಲ. ಹೊಳೆದಂಡೆಯ ಪೊದೆಗಳಲ್ಲಿ ಬೆಳೆಯುವ ಒಂದು ಬಳ್ಳಿ ಶೇಂಗಾದ ಹಾಗೆ ಮಣ್ಣೊಳಗೂ ಕಾಳು ಬಿಡುತ್ತದೆ. ಒಂದೊಂದೇ ಅಗೆದು ತೆಗೆಯುವ ಹೊತ್ತಿಗೆ ಸೊಂಟ ಬಿದ್ದುಹೋಗುತ್ತದೆ. ಬಯಲಿಲಿಗಳು ಆ ಕಾಳನ್ನು ಗೂಡಿನಲ್ಲಿ ರಾಶಿ ಹಾಕಿಕೊಳ್ಳುತ್ತವೆ. ಡಕೋಟಾ ಹೆಂಗಸರು ಆ ಗೂಡು ಹುಡುಕಿ ಕಾಳು ತೆಗೆದುಕೊಳ್ಳುತ್ತಿದ್ದರು, ಬದಲಿಗೆ ಮೆಕ್ಕೆಜೋಳವನ್ನೋ ಕೊಬ್ಬನ್ನೋ ಇಟ್ಟು ಬರುತ್ತಿದ್ದರು. ಇಲಿ ಚಳಿಗಾಲ ಕಳೆಯಬೇಕಲ್ಲ! ಅಲ್ಲಿನ ಬುಡಕಟ್ಟುಗಳ ಗಿಡಬಳಕೆಯನ್ನು ಅಧ್ಯಯನ ಮಾಡಿದ ಮೆಲ್ವಿನ್ ಗಿಲ್ಮೋರ್ 100 ವರ್ಷದ ಹಿಂದೆ ಇದನ್ನು ಬರೆದಿಟ್ಟಿದ್ದಾರೆ. ಎಕಿನೇಶಿಯಾ ಮಾತ್ರೆಗೆ ಗಿರಾಕಿ ಜಾಸ್ತಿಯಾದಾಗ ಬಯಲಿನ ಬೇರನ್ನು ಚೀಲಗಟ್ಟಲೆ ಕದ್ದು ಅಗೆದವರು ಏನನ್ನೂ ಇಟ್ಟು ಬರಲಿಲ್ಲ. ಎತ್ತರ ಹುಲ್ಲಿನ ಪ್ರೇರಿಯಲ್ಲಿ ಈಗ ಉಳಿದಿರುವುದೇ ನೂರಕ್ಕೆ 4 ಪಾಲೂ ಇಲ್ಲ. ಮಿಕ್ಕಿದ್ದನ್ನು ನೇಗಿಲು ತಿಂದಿತು. ಉಳಿದದ್ದರಲ್ಲಿ ಹೆಚ್ಚಿನದು ನಿಮ್ಮ ಮಗಳ ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿದೆ. ಕಲ್ಲುನೆಲ, ಉಳಲಾಗಲಿಲ್ಲ, ಉಳಿಯಿತು. ಮಗಳು ಹೋಗಿ ನೋಡಲಿ. ಏನನ್ನೂ ಕೀಳುವುದು ಬೇಡ.

ಮನೆಯಲ್ಲಿ ದೊಡ್ಡವರಿಗೆ ಏನಾದರೂ ಕುಡಿಯಲೇಬೇಕು ಅಂದರೆ ಬೀ ಬಾಮ್ ಗಿಡ ಇದೆ. ಅಲ್ಲಿನ ಹಲವು ಬುಡಕಟ್ಟಿನವರು ಶೀತಕ್ಕೆ ಅದರ ಎಲೆ ಕುದಿಸಿ ಕುಡಿಯುತ್ತಿದ್ದರು. ಅದಕ್ಕೆ ಘಾಟು ಕೊಡುವ ಅಂಶಗಳಲ್ಲಿ ಥೈಮಾಲ್ ನಮ್ಮ ಓಂಕಾಳಿನಲ್ಲೂ ಇದೆ, ಕಾರ್ವಕ್ರಾಲ್ ದೊಡ್ಡಪತ್ರೆಯಲ್ಲೂ ಇದೆ. ನರ್ಸರಿಯಿಂದ ಹೆಸರು ಖಾತ್ರಿ ಮಾಡಿಕೊಂಡು ತರಲಿ. ಓಂಕಾಳು ಡಬ್ಬಿಯಲ್ಲಿ ಇದ್ದರೆ ಅದೂ ಬೇಕಿಲ್ಲ.

ಬೀಜ ತರುವ ವಿಷಯ. ಪರವಾನಗಿ, ಸಸ್ಯ ಆರೋಗ್ಯ ಪತ್ರ ಇಲ್ಲದೆ ಹೊರದೇಶದಿಂದ ಬೀಜ ತರುವ ಹಾಗಿಲ್ಲ. ತಂದರೂ, ಕಿರಿದಾದ ಎಲೆಯ ಎಕಿನೇಶಿಯಾ ಬೀಜ ವಾರಗಟ್ಟಲೆ ಕೊರೆಯುವ ಚಳಿ ಉಂಡ ಮೇಲೆಯೇ ಚೆನ್ನಾಗಿ ಮೊಳೆಯುವುದು. ದಾವಣಗೆರೆಯ ಸೆಕೆಯಲ್ಲಿ ಅದಕ್ಕೆಲ್ಲಿಯ ಚಳಿ?

ಆ ಸೀಮೆಯದೇ ಒಂದು ಗಿಡ ಆಗಲೇ ನಿಮ್ಮೂರ ಹೊಲಕ್ಕೆ ಬಂದಿದೆ. ಸೂರ್ಯಕಾಂತಿಯನ್ನು ಮೊದಲು ಪಳಗಿಸಿದ್ದು ಉತ್ತರ ಅಮೆರಿಕದ ಮೂಲನಿವಾಸಿಗಳು. ಅದು ರಷ್ಯಾ ಸುತ್ತಿಕೊಂಡು 1969ರ ಸುಮಾರಿಗೆ ಎಣ್ಣೆಬೀಜವಾಗಿ ನಮ್ಮಲ್ಲಿಗೆ ಬಂತು. ಹಿಡಾಟ್ಸಾ ಜನರ ಬಫಲೋ ಬರ್ಡ್ ವುಮನ್ ಅನ್ನುವ ಅಜ್ಜಿ ಹೇಳಿ ಬರೆಸಿದ್ದು 1917ರಲ್ಲಿ ಅಚ್ಚಾಯಿತು. ಮಿಸ್ಸೂರಿ ನದಿಯ ಮಂಜುಗಡ್ಡೆ ಒಡೆದ ಕೂಡಲೇ ಎಲ್ಲಕ್ಕಿಂತ ಮೊದಲು ಹೊಲದ ಅಂಚಿಗೆ ಬಿತ್ತುತ್ತಿದ್ದುದು ಸೂರ್ಯಕಾಂತಿಯನ್ನಂತೆ. ಬೀಜ ಹುರಿದು, ಕುಟ್ಟಿ, ಎಣ್ಣೆ ಜಿನುಗುವ ಉಂಡೆ ಕಟ್ಟಿ, ಕಾಳಗಕ್ಕೆ ಹೋಗುವವರ ಕೈಗೆ ಕೊಡುತ್ತಿದ್ದರು. ದಣಿದಾಗ, ನಿದ್ದೆ ಎಳೆದಾಗ ಒಂದಿಷ್ಟು ಕಚ್ಚಿದರೆ ಸಾಕು. ಮನೆಯಲ್ಲಿ ಹುರಿದ ಮೆಕ್ಕೆಜೋಳದ ಹಿಟ್ಟು, ಅವರೆಯಂಥ ಕಾಳು, ಒಣಗಿಸಿದ ಕುಂಬಳ, ಈ ಪುಡಿ ನಾಲ್ಕನ್ನೂ ಸೇರಿಸಿ ಬೇಯಿಸುತ್ತಿದ್ದರು. ನಾಲ್ಕೂ ನಿಮ್ಮಲ್ಲಿ ಸಿಗುತ್ತವೆ, ಮಾಡಿ ನೋಡಿ. ಸೂರ್ಯಕಾಂತಿಯನ್ನು ಮಾತ್ರ ತಿನ್ನಲೆಂದೇ ಮಾರುವ ಕಡೆ ತನ್ನಿ. ಬಿತ್ತನೆ ಬೀಜದ ಪ್ಯಾಕೆಟ್ ಬೇಡ, ಅದಕ್ಕೆ ಔಷಧ ಹಚ್ಚಿರುತ್ತಾರೆ.

— ಸಂಪಾದಕ