ಪೈಥಾನ್ ಭಾಷೆಯ ಸಂಖ್ಯಾ ಲೈಬ್ರರಿಯಾದ ನಂಪೈನಲ್ಲಿ ಮ್ಯಾಟ್ರಿಕ್ಸ್‌ನ ಪ್ರತಿ ಅಡ್ಡಸಾಲಿನ ಮತ್ತು ಪ್ರತಿ ಕಂಬಸಾಲಿನ ಗರಿಷ್ಠ ಬೆಲೆಯನ್ನು ಪಡೆಯುವುದು ಹೇಗೆ?
ಇದಕ್ಕೆ ಮ್ಯಾಕ್ಸ್ ಎಂಬ ಒಂದೇ ಫಂಕ್ಷನ್ ಸಾಕು. ಗೊಂದಲವೆಲ್ಲ ಅದಕ್ಕೆ ಕೊಡುವ ಆಕ್ಸಿಸ್ ಎಂಬ ಆರ್ಗ್ಯುಮೆಂಟಿನಲ್ಲಿದೆ. ಆಕ್ಸಿಸ್ 0 ಅಡ್ಡಸಾಲುಗಳನ್ನು ಸೂಚಿಸುತ್ತದೆ ಎಂದು ಓದಿಕೊಂಡವರು, ಅದನ್ನು ಕೊಟ್ಟಾಗ ಕಂಬಸಾಲುಗಳ ಗರಿಷ್ಠ ಬೆಲೆಗಳು ಬರುವುದನ್ನು ಕಂಡು ತಬ್ಬಿಬ್ಬಾಗುವುದು ಸಹಜ. ಇಲ್ಲಿ ನಾವು ಹೆಸರಿಸುವುದು ಉತ್ತರದಲ್ಲಿ ಉಳಿಯಬೇಕಾದ ಅಕ್ಷವನ್ನಲ್ಲ, ಇಲ್ಲವಾಗಬೇಕಾದ ಅಕ್ಷವನ್ನು. ಮೊದಲ ಅಡ್ಡಸಾಲು 4, 9, 2 ಮತ್ತು ಎರಡನೆಯದು 7, 1, 8 ಎಂದಿರಲಿ: ಆಕ್ಸಿಸ್ 0 ಕೊಟ್ಟರೆ ಎರಡು ಸಾಲುಗಳು ಒಂದಾಗಿ 7, 9, 8 ಎಂಬ ಮೂರು ಬೆಲೆಗಳೂ, ಆಕ್ಸಿಸ್ 1 ಕೊಟ್ಟರೆ ಪ್ರತಿ ಅಡ್ಡಸಾಲಿಗೆ ಒಂದರಂತೆ 9, 8 ಎಂಬ ಎರಡು ಬೆಲೆಗಳೂ ದೊರೆಯುತ್ತವೆ. ಏನನ್ನೂ ಕೊಡದಿದ್ದರೆ ಇಡೀ ಮ್ಯಾಟ್ರಿಕ್ಸ್‌ಗೆ ಸೇರಿ 9 ಮಾತ್ರ.

ಪ್ರತಿ ಅಡ್ಡಸಾಲನ್ನು ಅದರದೇ ಗರಿಷ್ಠ ಬೆಲೆಯಿಂದ ಭಾಗಿಸುವ ಉದ್ದೇಶವಿದ್ದರೆ, ಕೀಪ್‌ಡಿಮ್ಸ್ ಎಂಬ ಇನ್ನೊಂದು ಆರ್ಗ್ಯುಮೆಂಟನ್ನು ಟ್ರೂ ಮಾಡಬೇಕು; ಆಗ ಉತ್ತರವು ಎರಡು ಸಾಲು, ಒಂದು ಕಂಬದ ಆಕಾರದಲ್ಲೇ ಉಳಿದು ಭಾಗಾಕಾರವು ಸರಿಯಾಗಿ ನಡೆಯುತ್ತದೆ. ಬೆಲೆಯ ಬದಲು ಅದರ ಸ್ಥಾನ ಬೇಕಿದ್ದರೆ ಆರ್ಗ್‌ಮ್ಯಾಕ್ಸ್ ಬಳಸಬೇಕು. ಸಮಾನ ಗರಿಷ್ಠಗಳಿದ್ದಲ್ಲಿ ಅದು ಮೊದಲನೆಯದರ ಸ್ಥಾನವನ್ನಷ್ಟೇ ಕೊಡುತ್ತದೆ.

ದತ್ತಾಂಶದಲ್ಲಿ ನ್ಯಾನ್ (ಸಂಖ್ಯೆಯಲ್ಲದ ಅಥವಾ ಇಲ್ಲದ ಬೆಲೆಯ ಗುರುತು) ಇದ್ದರೆ ಮ್ಯಾಕ್ಸ್ ಆ ಸಾಲಿಗೆ ನ್ಯಾನ್ ಅನ್ನೇ ಹಿಂದಿರುಗಿಸುವುದರಿಂದ, ಅದನ್ನು ಕಡೆಗಣಿಸಲು ನ್ಯಾನ್‌ಮ್ಯಾಕ್ಸ್ ಬಳಸುವುದು ಒಳಿತು. ಮ್ಯಾಟ್‌ಲ್ಯಾಬ್ ಎಂಬ ಗಣನಾ ತಂತ್ರಾಂಶದಿಂದ ಬಂದವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅಲ್ಲಿನ ಮ್ಯಾಕ್ಸ್ ನ್ಯಾನ್ ಅನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಅಕ್ಷಗಳ ಎಣಿಕೆಯೂ ಅಲ್ಲಿ 1ರಿಂದ ಆರಂಭವಾಗುತ್ತದೆ.