ಬೆಂಗಳೂರು ಬಸವನಗುಡಿಯ ಗಾಂಧಿ ಬಜಾರ್ ಮೇನ್ ರೋಡ್‌ನಲ್ಲೇ ಬಾಡಿಗೆಗೆ ಇರಬಹುದಾ?

ಅಂಗಡಿ ಮೇಲಿನ ಮಹಡಿ ಮನೆ, ಬಾಡಿಗೆ ಕಡಿಮೆ, ಓನರ್ ಬೇಗ ಅಡ್ವಾನ್ಸ್ ಕೊಡಿ ಅಂತಿದ್ದಾರೆ, ಶಬ್ದ ಒಂದೇ ಯೋಚನೆ ಅಂತ ಬರೆದಿದ್ದೀರಿ. ಓದಿ ನಗು ಬಂತು. ನಾನೂ ಅದೇ ರಸ್ತೆಯಲ್ಲಿ, ಅಂಥದ್ದೇ ಮಹಡಿಯಲ್ಲಿ ಇದ್ದೆ. ರಸ್ತೆ ಅಗೆದು ಹೊಸದಾಗಿ ಮಾಡುವುದಕ್ಕೆ ಮುಂಚಿನ ಮಾತು.

ಮೊದಲು ಒಂದು ಹೇಳಿ. ಮನೆ ನೋಡಿದ್ದು ಯಾವ ಮಾಸದಲ್ಲಿ?

ನಾನು ನೋಡಿದ್ದು ಆಷಾಢದಲ್ಲಿ. ಕೆಟ್ಟಿದ್ದೇ ಅಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೂವಿನ ಬುಟ್ಟಿ ಅಲ್ಲೊಂದು ಇಲ್ಲೊಂದು. ಸಂಜೆ ಹೊತ್ತಲ್ಲೂ ಬೈಕ್ ನಿಲ್ಲಿಸಲು ಜಾಗ ಸಿಕ್ಕಿತು. ಆಹಾ, ಎಷ್ಟು ಆರಾಮದ ರಸ್ತೆ ಅಂದುಕೊಂಡೆ. ಬಾಡಿಗೆ ವಿಷಯದಲ್ಲೂ ಹಾಗೇ. ಆಷಾಢದಲ್ಲಿ ಮನೆ ಬದಲಾಯಿಸುವವರು ಕಡಿಮೆ. ಖಾಲಿ ಬಿದ್ದಿರುವ ಮನೆಯ ಓನರ್ ಒಂದಿಷ್ಟು ಬಗ್ಗುತ್ತಾರೆ. ನಾನು ಅದನ್ನು ನನ್ನ ಚೌಕಾಸಿಯ ಜಾಣತನ ಅಂತ ತಿಳಿದೆ. "ಆಷಾಢ ಕಳೀಲಿ ಕಣೋ" ಅಂತ ಅಮ್ಮ ಹೇಳಿದ್ದರು. ಶಾಸ್ತ್ರ ಗೀಸ್ತ್ರ ನಂಬಲ್ಲ ಅನ್ನೋ ಜಂಬ ನನಗೆ. ಅವರು ಹೇಳಿದ್ದು ಶಾಸ್ತ್ರಕ್ಕೇ ಇರಬಹುದು. ಆದರೆ ಅಷ್ಟು ದಿನ ಕಾದಿದ್ದರೆ ಶ್ರಾವಣದ ಗಾಂಧಿ ಬಜಾರ್ ಕಣ್ಣಿಗೆ ಬೀಳುತ್ತಿತ್ತು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದು ಕಂಡಿತು. ಅಮ್ಮನಿಗೆ ಮಂಡಿ ನೋವು, ಡಾಕ್ಟರ್ ಹತ್ತಿರ ಹೋಗಬೇಕಿತ್ತು. ನಮ್ಮ ಮೆಟ್ಟಿಲು ಎರಡು ಅಂಗಡಿಗಳ ಮಧ್ಯದಿಂದ ನೇರ ರಸ್ತೆಗೇ ಇಳಿಯುತ್ತಿತ್ತು. ಕೆಳಗಿನ ಮೆಟ್ಟಿಲ ಮೇಲೆಲ್ಲ ತಾವರೆ ಮೊಗ್ಗು. ಬಾಗಿಲಿಗೆ ಒರಗಿಸಿದ ಬಾಳೆಕಂದು. ಹೊಸ್ತಿಲಲ್ಲಿ ಒಬ್ಬ ಅಜ್ಜಿ ಕೂತು ಮೊಳ ಹಾಕಿ ಸೇವಂತಿಗೆ ಅಳೆದು ಕೊಡುತ್ತಿದ್ದರು. "ಅಣ್ಣಾ, ಇವತ್ತೊಂದಿನ" ಅಂದರು. ಏನು ಹೇಳುತ್ತೀರಿ? ಅವರಿಗೂ ಹಬ್ಬದಲ್ಲೇ ನಾಲ್ಕು ಕಾಸು. ಆಟೋ ಒಳಗೆ ಬರಲು ಒಪ್ಪಲಿಲ್ಲ. ಅಮ್ಮನ ಕೈ ಹಿಡಿದು ಹೂವಿನ ರಾಶಿ ದಾಟಿಸಿ, ಆ ಜನಸಂದಣಿಯಲ್ಲಿ ನಡೆಸಿಕೊಂಡೇ ಹೋದೆ.

ಆ "ಇವತ್ತೊಂದಿನ" ಗೌರಿ ಗಣೇಶಕ್ಕೆ ಬಂತು, ನವರಾತ್ರಿಗೆ ಬಂತು, ದೀಪಾವಳಿಗೂ ಬಂತು. ಆಯುಧಪೂಜೆಗೆ ಬೂದುಗುಂಬಳದ ಲೋಡು. ಹಬ್ಬ ಮುಗಿದ ಮೇಲೆ ಮಾರಾಟವಾಗದ ಬಾಳೆಕಂದು, ಮಾವಿನ ಸೊಪ್ಪು ಅಲ್ಲೇ ಬಿಟ್ಟು ಹೋಗುತ್ತಾರೆ. ಒಂದು ಮಳೆ ಬಿದ್ದರೆ ಮೆಟ್ಟಿಲ ಬುಡದಲ್ಲೇ ಕೊಳೆಯುತ್ತದೆ. ಕಾರ್ತೀಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರೋಡ್‌ನಲ್ಲಿ ಕಡಲೆಕಾಯಿ ಪರಿಷೆ. ಆಗ ಸುತ್ತಮುತ್ತ ಗಾಡಿ ಅಲ್ಲಾಡುವುದಿಲ್ಲ. (ಪರಿಷೆಯನ್ನು ಮಾತ್ರ ಬೈಯಲ್ಲ. ಹುರಿದ ಕಡಲೆಕಾಯಿ ತಿನ್ನುತ್ತಾ ದೊಡ್ಡ ಬಸವಣ್ಣನ ಗುಡಿವರೆಗೆ ನಡೆಯುವ ಸುಖವೇ ಬೇರೆ.)

ಹಾಗಾಗಿ ಶಬ್ದದ ಚಿಂತೆ ಬಿಡಿ, ಅದಕ್ಕೆ ಕಿವಿ ಒಗ್ಗುತ್ತದೆ. ಕಾನೂನಿದೆ, ದೂರು ಕೊಡ್ತೀನಿ ಅಂತೀರಾ? 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ, ವಾಣಿಜ್ಯ ಪ್ರದೇಶಕ್ಕೆ 55. ಬಜಾರಿನಲ್ಲಿ ಮನೆ ಮಾಡಿಕೊಂಡು 45 ಕೊಡಿ ಅಂತ ಯಾರನ್ನು ಕೇಳುತ್ತೀರಿ? ನೀವು ಕೇಳಬೇಕಾದ್ದು ಬಾಗಿಲು ತೆಗೆದು ಹೊರಗೆ ಬರಲು ಆಗುತ್ತದಾ ಅಂತ.

ನಾನು ಬಿಟ್ಟು ಹೊರಟಾಗ ಅಗ್ರಿಮೆಂಟ್ ತೆಗೆದು ಓದಿದೆ. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು ಅಂತ ಎಲ್ಲರೂ ಮಾಡುವ ಹಾಗೆ 11 ತಿಂಗಳದ್ದು. ಅವಧಿಗೆ ಮುಂಚೆ ಬಿಟ್ಟರೆ ಎರಡು ತಿಂಗಳ ಬಾಡಿಗೆ ಮುರಿದುಕೊಳ್ಳುವ ಸಾಲು ಅದರಲ್ಲಿತ್ತು. ಪೇಂಟಿಂಗ್‌ಗೆ ಮಾಮೂಲಿ ಇನ್ನೊಂದು ತಿಂಗಳದ್ದು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಏಳರದ್ದು ವಾಪಸ್ ತಂದೆ. ಆಷಾಢದಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಮನೆಯಲ್ಲಿ ವಯಸ್ಸಾದವರಿದ್ದರೆ ಅಥವಾ ಕಾರ್ ಇದ್ದರೆ ಮೇನ್ ರೋಡ್ ಬೇಡವೇ ಬೇಡ. ಒಳಗಿನ ರಸ್ತೆಗಳು ಡಲ್ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. 1898ರ ಪ್ಲೇಗ್ ಆದಮೇಲೆ ಜನ ಗಾಳಿ ಬೆಳಕಿನಲ್ಲಿ ಇರಲಿ ಅಂತ ಬೆಳೆಸಿದ ಬಡಾವಣೆ ಬಸವನಗುಡಿ. ಆ ಸುಖ ಇರುವುದೇ ಕ್ರಾಸ್‌ಗಳಲ್ಲಿ. ಸರ್ವೇಯರ್ ಸ್ಟ್ರೀಟ್, ಗೋವಿಂದಪ್ಪ ರಸ್ತೆ ಕಡೆ ಹುಡುಕಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಹೂವು ತರಕಾರಿಗೆ ಚೀಲ ಹಿಡಿದು ಬಜಾರಿಗೆ ನಡೆದು ಬಂದರಾಯಿತು. ವಿದ್ಯಾರ್ಥಿ ಭವನ ಹೋಟೆಲ್ 1943ರಿಂದ ಅಲ್ಲೇ ಇದೆ, ನೀವು ಎರಡು ರಸ್ತೆ ಆಚೆ ಇದ್ದರೆ ದೋಸೆ ಓಡಿ ಹೋಗಲ್ಲ.

ಇಲ್ಲ, ಒಬ್ಬನೇ ಇರೋದು, ಗಾಡಿ ಇಲ್ಲ, ಬಜಾರೇ ಬೇಕು ಅಂದರೆ ಧಾರಾಳವಾಗಿ ಹೋಗಿ. ಆದರೆ ಅವಧಿಗೆ ಮುಂಚೆ ಬಿಟ್ಟರೆ ದುಡ್ಡು ಮುರಿದುಕೊಳ್ಳುವ ಸಾಲನ್ನು ಅಗ್ರಿಮೆಂಟ್‌ನಿಂದ ತೆಗೆಸದೆ ಸಹಿ ಹಾಕಬೇಡಿ. ಹತ್ತಿರದ ಯಾವುದಾದರೂ ಹಬ್ಬದ ಹಿಂದಿನ ಸಂಜೆ ಒಂದು ಸಲ ಆ ಮೆಟ್ಟಿಲು ಹತ್ತಿ ಇಳಿದು ನೋಡಿ. ಅಷ್ಟರಲ್ಲಿ ಓನರ್ ಬೇರೆಯವರಿಗೆ ಕೊಟ್ಟರೆ ಕೊಡಲಿ.